ಬರೀ ನೀರಿನ ತೊಟ್ಟಿ

ಹಂಸಳ ಮನೆ ಮೂರನೇ ಮಹಡಿ, ಆಫೀಸು ನೆಲಮಹಡಿ. ನಡುವೆ ಮೆಟ್ಟಿಲು ಬಿಟ್ಟರೆ ಬೇರೆ ಲೋಕವೇ ಇಲ್ಲ. ಊರಿಗೆ ಊರೇ ಟಿನ್ ಫ್ಯಾಕ್ಟರಿ ಸಿಗ್ನಲ್ಲಿನಲ್ಲಿ ನಿಂತು ಕೊಳೆಯುವ ಹೊತ್ತಿಗೆ ಇವಳು ಕುಕ್ಕರ್ ಇಳಿಸಿ, ಕೈ ಒರೆಸಿಕೊಂಡು, ಅದೇ ಕೈಯಲ್ಲಿ ಹಾಜರಿ ಹಾಕುತ್ತಿದ್ದಳು. "ನಿಂಗೇನಮ್ಮ, ಟ್ರಾಫಿಕ್ಕೇ ಇಲ್ಲ" ಎಂದು ಹಲಸೂರಿನ ತವರಿನಲ್ಲಿ ಅಕ್ಕ ಹೊಟ್ಟೆ ಉರಿದುಕೊಳ್ಳುತ್ತಿದ್ದಳು. ಟ್ರಾಫಿಕ್ ಇಲ್ಲ, ನಿಜ. ಸಿಗ್ನಲ್ ಮಾತ್ರ ಇತ್ತು. ಅತ್ತೆ ಆಂಜನಮ್ಮ ಬಾಲ್ಕನಿಯಿಂದ ಬಗ್ಗಿ "ಹಂಸಾ, ಸೊಪ್ಪಿನೋನು ಬಂದವ್ನೆ" ಎಂದು ಕೂಗಿದರೆ ಕೆಳಗೆ ಲ್ಯಾಬಿನ ರಿಸೆಪ್ಷನ್ನಿನಲ್ಲಿ ಕೂತ ದೊಡ್ಡ ಕಂಪನಿಯವರೂ ತಲೆ ಎತ್ತಿ ನೋಡುತ್ತಿದ್ದರು.

ಕಟ್ಟಡ ಮಾವ ರಾಮಾಂಜಿನಪ್ಪನವರದು. ಕೆ.ಆರ್. ಪುರದ ಹಳೇ ಊರಿನವರು; ರಾಗಿ ಬೆಳೆಯುತ್ತಿದ್ದ ನೆಲದಲ್ಲಿ ಈಗ ಬಾಡಿಗೆ ಬೆಳೆಯುತ್ತಾರೆ. ನೆಲಮಹಡಿ ಹಿಡಿದಿದ್ದು ಕಾರ್ಖಾನೆಗಳ ರಾಸಾಯನಿಕ ಪರೀಕ್ಷಿಸುವ ಒಂದು ಲ್ಯಾಬ್. ಹಂಸ ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಇಂಟರ್‌ವ್ಯೂ ಕೊಟ್ಟು ಸೇರಿದವಳು. ಆದರೆ "ಓನರ್ ಸೊಸೆ" ಅನ್ನುವ ಡಿಗ್ರಿಯ ಮುಂದೆ ಎಂ.ಎಸ್ಸಿ. ಯಾವ ಮೂಲೆಗೆ? ಅವಳು ಎರಡು ನಿಮಿಷ ತಡವಾಗಿ ಬಂದರೆ ಯಾರೂ ಬೈಯುತ್ತಿರಲಿಲ್ಲ. ಎರಡು ಗಂಟೆ ಹೆಚ್ಚು ದುಡಿದರೆ ಯಾರೂ ನಂಬುತ್ತಿರಲಿಲ್ಲ.

ಲ್ಯಾಬಿನ ಹೆಡ್ ಆಫೀಸು ಇಂದಿರಾನಗರದ ಒಂದು ಹಳೇ ಬಂಗಲೆಯಲ್ಲಿತ್ತು. ಅಲ್ಲಿಂದ ಎಲ್ಲವನ್ನೂ ಆಡಿಸುವವರು ನಾಣಿ ಸರ್. ಅವರು ಮಾತು ಕೊಟ್ಟಿದ್ದರು: "ಲುಕ್ ಹಂಸಾ, ಒಂದು ಸ್ಟಡಿ ಪೂರ್ತಿ ನೀವೇ ನಡೆಸಿ, ನೀವೇ ಸಹಿ ಹಾಕಿ. ಮಾರನೇ ದಿನಾನೇ ನಿಮ್ಮನ್ನ ಇಲ್ಲಿಗೆ ಕರೆಸ್ಕೋತೀನಿ." ಆ ಮಾತು ಕೇಳಿದಾಗಿನಿಂದ ಹಂಸಳಿಗೆ ಮೆಟ್ರೋದ ಕನಸು. ಕೆ.ಆರ್. ಪುರದಲ್ಲಿ ಹತ್ತಿ, ನೂರು ಜನರ ನಡುವೆ ಹಿಂಡಿಹೋಗಿ, ಒಬ್ಬರಿಗೂ ತಾನು ಯಾರ ಸೊಸೆ ಎಂದು ಗೊತ್ತಿಲ್ಲದೆ ಇಂದಿರಾನಗರದಲ್ಲಿ ಇಳಿಯುವುದು. ಅದಕ್ಕೆ ಬೇಕಾದದ್ದು ಒಂದು ಸಹಿ. ಅದು ಬಿದ್ದರೆ ಬಾಯಿಗೆ ಸಿಹಿ.

ಸಿಕ್ಕಿದ ಸ್ಟಡಿ ಇದು: ಲೋಹದ ಬಿಡಿಭಾಗಗಳ ಜಿಡ್ಡು ತೊಳೆಯುವ ಒಂದು ದ್ರಾವಣ. ಕಾರ್ಖಾನೆಯಿಂದ ಹೊರಬಿದ್ದು ಕೆರೆ ಸೇರಿದರೆ ಮೀನಿಗೆ ಏನಾಗುತ್ತದೆ ಎಂದು ನೋಡಬೇಕು. ಸಾಲಾಗಿ ಗಾಜಿನ ತೊಟ್ಟಿ, ಒಂದೊಂದರಲ್ಲಿ ಏಳೇಳು ಜೀಬ್ರಾ ಮೀನು. ಮೊದಲ ತೊಟ್ಟಿಯಲ್ಲಿ ಬರೀ ನೀರು. ಮುಂದಿನವುಗಳಲ್ಲಿ ದ್ರಾವಣ ಸ್ವಲ್ಪ, ಇನ್ನೂ ಸ್ವಲ್ಪ, ಕೊನೆಗೆ ಜೋರು. ನಾಲ್ಕು ದಿನ ಕಾದು, ಎಷ್ಟು ವಿಷಕ್ಕೆ ಅರ್ಧದಷ್ಟು ಮೀನು ಸಾಯುತ್ತವೆಂದು ಲೆಕ್ಕ ಹಾಕಬೇಕು. ಪರೀಕ್ಷೆ ಮುಗಿಯುವ ತನಕ ಮೀನಿಗೆ ಊಟವಿಲ್ಲ. "ನವರಾತ್ರಿ ಉಪವಾಸ" ಎಂದಿದ್ದಳು ಜೊತೆಗೆ ಕೆಲಸ ಮಾಡುವ ಸುರಯ್ಯಾ. ಇಡೀ ಪರೀಕ್ಷೆಯ ಜೀವ ಇರುವುದು ಮೊದಲ ತೊಟ್ಟಿಯಲ್ಲಿ. ಬರೀ ನೀರಿನಲ್ಲಿ ಒಂದು ಮೀನು ಸತ್ತರೆ ಮಾಫಿ. ಎರಡು ಸತ್ತರೆ ಎಲ್ಲ ತೊಟ್ಟಿಯ ಲೆಕ್ಕವೂ ರದ್ದು, ಯಾಕೆಂದರೆ ಸಾಯಿಸಿದ್ದು ದ್ರಾವಣವೋ ಬೇರೆಯದೋ ಎಂದು ಹೇಳುವಂತಿಲ್ಲ.

ಕಂಪನಿಯವರಿಗೆ ಅವಸರ, ಹಾಗಾಗಿ ನಾಲ್ಕು ದಿನದ ನಡುವೆ ಆಯುಧಪೂಜೆ ಸಿಕ್ಕಿಕೊಂಡಿತು. ಡ್ಯೂಟಿಗೆ ಹಂಸ ಮತ್ತು ಸುರಯ್ಯಾ ಇಬ್ಬರೇ. ಶಿವಾಜಿನಗರದಿಂದ ಬರುವ ಸುರಯ್ಯಾಳ ಜೊತೆ ಹಳೇ ಒಪ್ಪಂದ ಅದು: ನಿಮ್ಮ ಹಬ್ಬಕ್ಕೆ ನಾನು, ನಮ್ಮ ಹಬ್ಬಕ್ಕೆ ನೀನು. ಈ ಸಲ ಸ್ಟಡಿ ತನ್ನದೇ ಆದ್ದರಿಂದ ಹಂಸಳೂ ರಜೆ ಹಾಕಲಿಲ್ಲ.

ಮೀನಿನ ಕೋಣೆಗೆ ಕಿಟಕಿ ಇಲ್ಲ. ಬೆಳಕು, ತಂಪು ಎಲ್ಲ ಅಳತೆಯಲ್ಲಿ. ಹೊರಗೆ ಬಿಸಿಲೋ ಮಳೆಯೋ ಒಳಗಿದ್ದವರಿಗೆ ತಿಳಿಯದು. ಹಬ್ಬದ ಬೆಳಿಗ್ಗೆ ಸುರಯ್ಯಾ ಟೀ ಕುಡಿಯಲು ಹೋದಳು. ಹಂಸ ಟಾರ್ಚು ಹಿಡಿದು ಮೀನು ಎಣಿಸುತ್ತಿದ್ದಾಗ ಬಾಗಿಲ ಆಚೆ ಗಂಟೆಯ ಸದ್ದು, ಸಾಂಬ್ರಾಣಿಯ ಹೊಗೆ, ಮತ್ತೆ ಎದೆಯ ಆಳದಿಂದ ಎದ್ದುಬರುವ ಮಾವನ ಆ ಕೆಮ್ಮು. ಆ ಕೆಮ್ಮನ್ನು ಹಂಸ ಎಷ್ಟು ಚೆನ್ನಾಗಿ ಕೆಮ್ಮುತ್ತಿದ್ದಳೆಂದರೆ ಒಮ್ಮೆ ಮೆಟ್ಟಿಲಲ್ಲಿ ಕೆಮ್ಮಿ, ಮೊಬೈಲು ನೋಡುತ್ತಿದ್ದ ಗಂಡ ಶ್ರೀನಿವಾಸನನ್ನು ಸೋಫಾದಿಂದ ಎದ್ದು ನಿಲ್ಲಿಸಿದ್ದಳು. ಈ ಸಲದ್ದು ಅಸಲಿ.

ಬಾಗಿಲ ಮೇಲೆ 'ಪ್ರವೇಶವಿಲ್ಲ' ಎಂದು ದಪ್ಪ ಅಕ್ಷರದಲ್ಲಿ ಬರೆದವಳು ಅವಳೇ. ಆದರೆ ಮಂಗಳಾರತಿ ತಟ್ಟೆ ಹಿಡಿದ ಮಾವನಿಗೆ ಬೋರ್ಡು ತೋರಿಸುವ ಸೊಸೆ ಇನ್ನೂ ಹುಟ್ಟಿರಲಿಲ್ಲ. ತೆರೆದಳು.

ರಾಮಾಂಜಿನಪ್ಪನವರು ಅಷ್ಟರಲ್ಲಿ ನಾಲ್ಕು ಗಾಡಿ, ಬೋರ್‌ವೆಲ್ ಮೋಟಾರು, ಲಿಫ್ಟು, ಜನರೇಟರು, ಲ್ಯಾಬಿನ ತಕ್ಕಡಿ, ಫ್ರಿಜ್ಜು ಎಲ್ಲಕ್ಕೂ ಬೊಟ್ಟಿಟ್ಟು ಮುಗಿಸಿದ್ದರು. ಬಿಳಿ ಪಂಚೆ, ಹಣೆ ತುಂಬ ವಿಭೂತಿ, ಮುಖದಲ್ಲಿ ಸಂತೋಷ.

"ಇಡ್ಕೊಳವ್ವ" ಎಂದು ತಟ್ಟೆಯನ್ನು ಅವಳ ಕೈಗೇ ಕೊಟ್ಟರು. "ಇದೇನು, ಬಾಟ್ಲಿಗೆ ಹಾಕೋ ಚಿತ್ರ ಅಂಟಿಸಿದೀಯ ಇವಕ್ಕೆಲ್ಲ? ತಲೆಬುರುಡೆ?"

"ಅದ್ರಲ್ಲಿ ವಿಷ ಐತೆ ಮಾವ."

"ಮತ್ತೆ ಇದಕ್ಕಿಲ್ಲ?"

"ಅದು ಬರೀ ನೀರು. ಕಂಟ್ರೋಲ್ ಅಂತಾರೆ."

"ಕಂಟ್ರೋಲ್ ಅಂದ್ರೆ ನಮ್ ಕಾಲ್ದಲ್ಲಿ ರೇಷನ್ ಸೀಮೆಣ್ಣೆ ಅಂಗ್ಡಿ." ನಕ್ಕರು. ನಕ್ಕು ಬಗ್ಗಿ ನೋಡಿದರು. ಏಳು ಮೀನು ಸಾಲಾಗಿ ಅವರ ಕಡೆ ಮುಖ ಮಾಡಿದವು. "ನೋಡು, ಹೆಂಗ್ ಬತ್ತವೆ. ಗಂಗಮ್ಮನ ಮಕ್ಳು."

ಅವರ ಕೈ ತಟ್ಟೆಗೆ ಬಂತು. ಅರಿಶಿನ ತೆಗೆದುಕೊಂಡಿತು. ಕುಂಕುಮವನ್ನೂ ತೆಗೆದುಕೊಂಡಿತು. ಹಂಸ ನೋಡುತ್ತಿದ್ದಳು. ತೊಟ್ಟಿಯ ಗಾಜಿಗೆ ಬೊಟ್ಟಿಡುತ್ತಾರೆ ಅಂದುಕೊಂಡಳು, ಇಟ್ಟರು. ಆಮೇಲೆ ಕೈ ಮೇಲಕ್ಕೆ ಹೋಯಿತು. ಎಲ್ಲಿಗೆ ಹೋಗುತ್ತಿದೆ ಎಂದು ಗೊತ್ತಾಯಿತು. 'ಬೇಡ' ಎಂಬ ಎರಡೇ ಅಕ್ಷರ ಬಾಯಿಗೆ ಬಂದವು. ದೀಪ ಉರಿಯುವಾಗ, ಪೂಜೆ ನಡೆಯುವಾಗ, ವರ್ಷಾವಧಿ ಹಬ್ಬದ ದಿನ, ಮಾವನ ಕೈಗೆ ಅಡ್ಡ 'ಬೇಡ' ಅನ್ನುವುದು? ನಾಲಿಗೆ ಹಲ್ಲಿನ ಹಿಂದೆ ನಿಂತಿತು. ಅಕ್ಷತೆ ಸಮೇತ ಹಿಡಿಯಷ್ಟು ನೀರಿಗೆ ಬಿತ್ತು. ಹಳದಿ ಮೋಡ, ಅದರೊಳಗೆ ಕೆಂಪು ಮೋಡ. ಉಪವಾಸವಿದ್ದ ಮೀನುಗಳು ತಿಂಡಿ ಬಂತೆಂದು ನುಗ್ಗಿದವು.

"ನಿನ್ ಪರೀಕ್ಷೆ ಪಾಸಾಗ್ಲವ್ವ" ಎಂದು ಹರಸಿ, ಕೆಮ್ಮುತ್ತ ಹೊರಟರು.

ಸುರಯ್ಯಾ ಬಂದು ತೊಟ್ಟಿ ನೋಡಿ, ಹಂಸಳ ಮುಖ ನೋಡಿ, ಮತ್ತೆ ತೊಟ್ಟಿ ನೋಡಿದಳು. "ಯಾ ಅಲ್ಲಾ. ಇದಕ್ಕೆ ಸೀಮಂತ ಮಾಡಿದ್ರಾ?"

"ಮಾವ."

"ನೀನೆಲ್ಲಿದ್ದೆ?"

"ತಟ್ಟೆ ಹಿಡ್ಕೊಂಡಿದ್ದೆ."

ಆಮೇಲೆ ಮಾಡುವುದೇನೂ ಇರಲಿಲ್ಲ, ಕಾಯುವುದು ಬಿಟ್ಟು. ನೀರು ಬದಲಿಸುವಂತಿಲ್ಲ, ಮೀನು ಎತ್ತುವಂತಿಲ್ಲ. ಮುಟ್ಟಿದರೆ ಅದೂ ತಪ್ಪೇ. ಇಬ್ಬರೂ ಸ್ಟೂಲು ಎಳೆದುಕೊಂಡು ಕೂತರು. ತಂಪು ಯಂತ್ರ ಗುಂಯ್ ಅನ್ನುತ್ತಿತ್ತು. ಹೊರಗೆಲ್ಲೋ ಬೂದುಗುಂಬಳ ಒಡೆದ ಸದ್ದು. ಲೋಕಕ್ಕೆಲ್ಲ ಮೀನ ಮೇಷ ಎಣಿಸುವುದೆಂದರೆ ಕಾಲ ಕಳೆಯುವುದು. ಹಂಸಳಿಗೆ ಮೀನ ಎಣಿಸುವುದೇ ಹೊಟ್ಟೆಪಾಡು. ಮೇಷವನ್ನು ಮಹಡಿ ಮೇಲೆ, ನಾಳೆಯ ಬಾಡೂಟಕ್ಕೆ ಕಟ್ಟಿಹಾಕಿದ್ದರು. ಎರಡಕ್ಕೂ ಹೊರಗೆ ಹೋಗುವ ದಾರಿ ಇರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಒಂದು ಮೀನು ಮೇಲೆ ಬಂದು ಬಾಯಿ ಬಿಡತೊಡಗಿತು. ಸ್ವಲ್ಪ ಹೊತ್ತಿಗೆ ಸತ್ತಿತು.

"ಒಂದಕ್ಕೆ ಮಾಫಿ" ಎಂದಳು ಸುರಯ್ಯಾ.

ಹಂಸ ತಡೆಯಲಾರದೆ ನಾಟಕ ಶುರು ಮಾಡಿದಳು. ಭಯವಾದಾಗ ಅವಳ ಗಂಟಲಿಂದ ಬೇರೆಯವರೇ ಮಾತಾಡುತ್ತಿದ್ದರು. ಮೊದಲು ಮೂಗಿನಲ್ಲಿ ನಾಣಿ ಸರ್: "ಲುಕ್ ಹಂಸಾ, ಡೋಂಟ್ ಟೇಕ್ ಇಟ್ ಅದರ್‌ವೈಸ್, ವಿಷದ ತೊಟ್ಟೀಲಿ ಮೀನು ಈಜ್ತಿದೆ, ನೀರಿನ ತೊಟ್ಟೀಲಿ ಸಾಯ್ತಿದೆ. ನಾವು ಕ್ಲೈಂಟಿಗೆ ಏನಂತ ಬರೀಬೇಕು, ನೀರು ಅಪಾಯಕಾರಿ ಅಂತಾನಾ?" ಆಮೇಲೆ ಎದೆಯಿಂದ ಮಾವ: "ನಾನ್ ಹಾಕಿದ್ದಕ್ಕೆ ಸತ್ವಾ? ನಮ್ಮಪ್ಪನ ಕಾಲ್ದಿಂದ ಕೆರೆಗೆ ಬಾಗಿನ ಬಿಟ್ಟಿದೀವಿ, ಒಂದ್ ಮೀನಾರ ಕೆಮ್ಮಿತ್ತಾ?"

ಸುರಯ್ಯಾ ನಕ್ಕು ನಕ್ಕು ಕಣ್ಣು ಒರೆಸಿಕೊಂಡಳು. ಒರೆಸಿಕೊಂಡು ನೋಡಿದರೆ ಎರಡನೆಯದು ಪಕ್ಕಕ್ಕೆ ವಾಲಿತ್ತು. ಬೆನ್ನಿಗೇ ಮೂರನೆಯದು.

ಹಂಸ ಫೋನು ಮಾಡಿ ವಿಷಯ ಹೇಳಿದಾಗ ನಿಜವಾದ ನಾಣಿ ಸರ್ ಮೂಗಿನಲ್ಲಿ ಮಾತಾಡಲಿಲ್ಲ. ಮೆಲ್ಲಗೆ, ಬಹಳ ಪ್ರೀತಿಯಿಂದ ಮಾತಾಡಿದರು. "ಹಬ್ಬದ ದಿನ ಯಾಕೆ ಟೆನ್ಷನ್ ಮಾಡ್ಕೋತೀರಾ? ಸ್ಟಾಕ್ ತೊಟ್ಟೀಲಿ ಅದೇ ಬ್ಯಾಚಿನ ಮೀನಿದೆ ಅಲ್ವಾ? ನೀರು ಬದಲಿಸಿ, ಏಳು ಮೀನು ಬಿಡಿ. ಅಷ್ಟೇ. ನಾಡಿದ್ದು ನೀವು ಸಹಿ ಹಾಕಿ, ಸೋಮವಾರ ಇಲ್ಲಿಗೆ ಬನ್ನಿ. ನಿಮ್ಮ ಟೇಬಲ್ ಕೂಡ ಖಾಲಿ ಮಾಡಿಸಿದೀನಿ. ಕಿಟಕಿ ಪಕ್ಕ."

ಕಿಟಕಿ ಪಕ್ಕ. ಹಂಸ ಫೋನ್ ಇಟ್ಟು ಸುತ್ತ ನೋಡಿದಳು. ನಾಲ್ಕು ಗೋಡೆ.

ಫೋನಿನ ಮಾತು ಕೇಳಿಸಿಕೊಂಡಿದ್ದ ಸುರಯ್ಯಾ ಆಗಲೇ ಸ್ಟಾಕ್ ತೊಟ್ಟಿಯಿಂದ ಬಲೆಯಲ್ಲಿ ಏಳು ಮೀನು ಹಿಡಿದು ಬೀಕರಿಗೆ ಬಿಟ್ಟಿದ್ದಳು. "ಬಿಡ್ಲಾ?"

ಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮೀನು ಮೀನಿನ ಹಾಗೇ ಇರುತ್ತದೆ. ಪಕ್ಕದ ತೊಟ್ಟಿಗಳಲ್ಲಿ ಜೋರು ದ್ರಾವಣದವು ನಿನ್ನೆಯೇ ಸತ್ತಿದ್ದವು, ನಡುವಿನವು ಓಲಾಡುತ್ತಿದ್ದವು. ಅವು ಏನಕ್ಕೆ ಸತ್ತವೆಂದು ಹೇಳುವ ಒಂದೇ ಸಾಕ್ಷಿ ಈ ಮೊದಲ ತೊಟ್ಟಿ, ಅದರ ಬಾಯಿ ಕಟ್ಟಿ ಮೇಲೆ ತನ್ನ ಹೆಸರು ಬರೆಯಬೇಕು. ಇಷ್ಟು ವರ್ಷ ಅವಳ ಹೆಸರಿನ ಮುಂದೆ ಇನ್ನೊಬ್ಬರ ಹೆಸರಿತ್ತು. ಮೊದಲ ಬಾರಿ ತನ್ನದೇ ಒಂದು ಹೆಸರು ಸಿಗುವುದು, ಅದೂ ಸುಳ್ಳಿನ ಕೆಳಗೆ.

"ಮಾತಾಡೇ. ಕೈ ನೋಯ್ತಿದೆ" ಎಂದಳು ಸುರಯ್ಯಾ.

"ವಾಪಸ್ ಬಿಡು."

"ಪಕ್ಕಾ? ಇಂದಿರಾನಗರ, ಕಿಟಕಿ, ಎಲ್ಲ?"

"ವಾಪಸ್ ಬಿಡು ಸುರಯ್ಯಾ."

ಸುರಯ್ಯಾ ಬಿಟ್ಟಳು. ಹಂಸ ಪರೀಕ್ಷೆ ರದ್ದು ಎಂದು ಬರೆದಳು. ಕಾರಣ: ಪೂಜೆಯ ಅರಿಶಿನ ಕುಂಕುಮ ನೀರಿಗೆ ಬಿದ್ದದ್ದು, ನಾನು ಎದುರಿಗಿದ್ದೆ, ತಡೆಯಲಿಲ್ಲ. ಕೆಳಗೆ ಸಹಿ ಹಾಕಿ, ಫೋಟೋ ತೆಗೆದು ಇಂದಿರಾನಗರಕ್ಕೆ ಕಳಿಸಿದಳು. ನಾಣಿ ಸರ್ ನೋಡಿದರೆಂದು ಎರಡು ನೀಲಿ ಟಿಕ್ ಬಂದವು. ಉತ್ತರ ಬರಲಿಲ್ಲ.

ಸಂಜೆ ಮೇಲೆ ಹೋದಾಗ ಹಾಲಿನಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದರು. ಮಾವ ಕೇಳಿಯೇಬಿಟ್ಟರು. "ಹೆಂಗವ್ವೆ ನನ್ ಮೀನು?"

"ಸತ್ತೋದ್ವು ಮಾವ. ಕುಂಕುಮದ ನೀರಿಗೆ."

ಬಾಗಿನದ ಮಾತು ಬರುತ್ತದೆಂದು ಹಂಸ ಕಾದಳು. ಬರಲಿಲ್ಲ. ರಾಮಾಂಜಿನಪ್ಪನವರು ಕಲಸಿದ ಅನ್ನ ಹಾಗೇ ಬಿಟ್ಟು ಬೆರಳು ನೋಡಿಕೊಂಡರು. ಉಗುರಿನ ಸಂದಿಯಲ್ಲಿ ಇನ್ನೂ ಕೆಂಪಿತ್ತು.

"ಯೋಳ್ಬಾರ್ದಾ ನೀನು?"

ಹಂಸ ಅವರ ಲೋಟಕ್ಕೆ ನೀರು ಬಗ್ಗಿಸಿದಳು.

"ನಿನ್ ಪರೀಕ್ಷೆ?"

"ರದ್ದಾಯ್ತು."

"ಆ ಇಂದಿರಾನಗರದ್ದು ಏನೋ ಅಂತಿದ್ದೆ..."

"ಅದೂ."

ಮುದುಕರು ಎದ್ದು ಕೈ ತೊಳೆದು ಬಂದರು. ಕನ್ನಡಕ ಹುಡುಕಿದರು, ಫೋನು ಹುಡುಕಿದರು. ತೋರುಬೆರಳಿನಲ್ಲಿ ಒಂದೊಂದೇ ಒತ್ತಿದರು. "ಅದಕ್ಯಾಕ್ ಕಣ್ಣಲ್ ನೀರು? ಆ ನಾಣಪ್ಪಂಗೆ ಬಾಡಿಗೆ ಅಗ್ರಿಮೆಂಟು ಮುಂದುವರ್ಸದಾ ಬ್ಯಾಡ್ವಾ ಅಂತ ಒಂದ್ ಮಾತ್ ಕೇಳ್ತೀನಿ. ನಾಳೆಗೇ ನಿನ್ನ ಕರ್ಸ್ಕೊಂತಾನೆ. ಕುರ್ಚಿ ಹಾಕಿ ಕೂರುಸ್ತಾನೆ. ನಾನ್ ಕೆಡ್ಸಿದ್ದು, ನಾನೇ ಸರಿ ಮಾಡ್ತೀನಿ."

ಫೋನು ರಿಂಗಾಗುವುದು ಹಂಸಳಿಗೆ ಕೇಳಿಸಿತು. ಇಂದಿರಾನಗರದ ಆ ಬಂಗಲೆ ಕಣ್ಣಿಗೆ ಬಂತು. ಕಿಟಕಿ ಪಕ್ಕದ ಟೇಬಲ್, ಸುತ್ತ ಎದ್ದು ನಿಲ್ಲುವ ಜನ, "ಓನರ್ ಸೊಸೆ ಬಂದ್ರು." ಮೆಟ್ರೋ ಹತ್ತಿ ಅಷ್ಟು ದೂರ ಹೋದರೂ ಇಳಿಯುವುದು ಇದೇ ಮೆಟ್ಟಿಲ ಬುಡದಲ್ಲಿ.

"ಬೇಡ ಮಾವ."

ಅವಳ ಬಾಯಿಂದಲೇ ಬಂದದ್ದು. ಆ ಮನೆಯಲ್ಲಿ ಅವಳು ಆ ಮಾತು ಆಡಿದ್ದು ಮೊದಲ ಸಲ. ಶ್ರೀನಿವಾಸ ಬಾಯಲ್ಲಿದ್ದ ತುತ್ತು ನುಂಗುವುದನ್ನು ಮರೆತ. ಫೋನಿನೊಳಗಿಂದ ನಾಣಿ ಸರ್ "ಹಲೋ, ಯಜಮಾನ್ರೇ, ಹಲೋ" ಅನ್ನುತ್ತಿದ್ದರು.

"ಬ್ಯಾಡ್ವಾ?"

"ಬೇಡ. ನೀವು ಹೇಳಿ ಕಳಿಸೋದಾದ್ರೆ ಅಲ್ಲಿಗೆ ನಾನು ಹೋಗಲ್ಲ."

ರಾಮಾಂಜಿನಪ್ಪನವರು ಫೋನನ್ನು ದೂರ ಹಿಡಿದು, ಕೆಂಪು ಗುಂಡಿ ಹುಡುಕಿ ಒತ್ತಿದರು. ಸೊಸೆಯನ್ನೇ ನೋಡಿದರು. ನೋಡುತ್ತ ನೋಡುತ್ತ ಅವರ ಮುಖ ಅರಳಿತು. ಬೆಳಿಗ್ಗೆ ಪೂಜೆಯ ಹೊತ್ತಿನಲ್ಲೂ ಅಷ್ಟು ಸಂತೋಷ ಅವರ ಮುಖದಲ್ಲಿ ಕಂಡಿರಲಿಲ್ಲ.

"ಕೇಳಿದ್ಯೇನೇ ಆಂಜಿನೀ" ಎಂದು ಅಡುಗೆಮನೆಯ ಕಡೆ ಕೂಗಿದರು, "ನಿನ್ ಸೊಸೆ ಎಲ್ಲೂ ಹೋಗಕಿಲ್ವಂತೆ. ನಾನೇ ಕಳಿಸ್ತೀನಿ ಅಂದ್ರೂ ಒಲ್ಲೆ ಅಂತವ್ಳೆ. ಮನೆ ಬಿಟ್ಟು ಹೋಗಲ್ಲ ಅಂತವ್ಳೆ."

"ಹಾಗಲ್ಲ ಮಾವ, ನಾನು ಹೇಳಿದ್ದು..."

"ಗೊತ್ತಾಯ್ತು ಬುಡವ್ವ. ಇಂಥವೆಲ್ಲ ಬಾಯ್ಬಿಟ್ಟು ಹೇಳ್ಬೇಕಾ?"

ಆಂಜನಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಲೇ ಬಂದರು. ಸೊಸೆಯ ಭುಜ ಹಿಡಿದು ಕೂರಿಸಿ, ತಟ್ಟೆ ಇಟ್ಟು, ಒಂದರ ಮೇಲೊಂದು ಎರಡು ಹೋಳಿಗೆ ಹಾಕಿದರು. ತುಪ್ಪದ ಮಿಳ್ಳೆ ತಟ್ಟೆಯ ಮೇಲೆ ಬಂತು. ಹಂಸ ಬಾಯಿ ತೆರೆದಳು. ಅಷ್ಟರಲ್ಲಿ ತುಪ್ಪ ಬಿದ್ದಾಗಿತ್ತು.