ನಡುವೆ ಬಿಟ್ಟ ಸಾಲು

ಹಲ್ಲಿನ ಡಾಕ್ಟರರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದವರ ಹತ್ತಿರ ಏನನ್ನೂ ಕೇಳಬಾರದು. ಅದು ಶುದ್ಧ ಮೋಸ. ನನ್ನ ಬಾಯಲ್ಲಿ ಹತ್ತಿಯ ಉಂಡೆ, ಪುಟ್ಟ ಕನ್ನಡಿ, ಜೊಲ್ಲು ಎಳೆಯುವ ಕೊಳವೆ ಎಲ್ಲ ಇರುವಾಗಲೇ ಶುಲಮಿತ್ ಕೇಳಿದಳು.

"ಈಶ್ವರಿ ಅಕ್ಕ, ನಮ್ಮ ಅಪ್ಪನ ಒಂದು ಹಾಡುಂಟು. ನಿಮ್ಮ ಭಜನಾ ಮಂಡಳಿಯವರು ಒಟ್ಟಿಗೆ ಕೂತು ಹಾಡಬಹುದಾ? ರೆಕಾರ್ಡ್ ಮಾಡ್ಲಿಕ್ಕೆ."

ತಲೆ ಅಲ್ಲಾಡಿಸಿದರೆ ಸೂಜಿ ತಾಗುತ್ತದೆ. ಸುಮ್ಮನಿದ್ದೆ. ಮೌನಂ ಸಮ್ಮತಿ ಲಕ್ಷಣಂ ಎಂದು ಈ ಹುಡುಗಿಗೆ ಯಾರು ಕಲಿಸಿದರೋ, ಕುರ್ಚಿಯಿಂದ ಏಳುವ ಹೊತ್ತಿಗೆ ಅಭ್ಯಾಸದ ದಿನವೂ ನಿಗದಿಯಾಗಿತ್ತು.

ಶುಲಮಿತ್ ಕೊಂಕಣದ ಕಡೆಯ ಯಹೂದಿಗಳ ಮಗಳು. ಮನೆಮಾತು ಮರಾಠಿ. ಸುಳ್ಯಕ್ಕೆ ಓದಲು ಬಂದವಳು ಇಲ್ಲಿಯ ನೀರುದೋಸೆಗೆ ಬಿದ್ದು ಇಲ್ಲಿಯೇ ಉಳಿದು, ಕುಂಬ್ರದಲ್ಲಿ ಕ್ಲಿನಿಕ್ ತೆರೆದಳು. ಬೆಟ್ಟಂಪಾಡಿಯ ನಮ್ಮ ಮಂಡಳಿಯ ಅರ್ಧ ಜನರ ಹಲ್ಲು ಅವಳ ಕೈಯಲ್ಲಿದೆ. ಹಾಗಾಗಿ ಅವಳೊಡನೆ ಜಗಳ ಮಾಡುವ ಧೈರ್ಯ ಯಾರಿಗೂ ಇಲ್ಲ.

ವಿಷಯ ಏನೆಂದು ಮರುದಿನ ಹೇಳಿದಳು. ಅವಳ ಅಪ್ಪ ಸ್ಯಾಮ್ಸನ್ ನಾಗಾಂವಕರ್ ಈಗ ಠಾಣೆಯಲ್ಲಿ ಮಗ ಸೊಸೆಯರ ಜೊತೆ ಇದ್ದಾರೆ. ಶನಿವಾರ ಅವರಿಗೆ ವ್ರತದ ದಿನ. ದೀಪದ ಸ್ವಿಚ್ಚು, ಫೋನು ಯಾವುದನ್ನೂ ಮುಟ್ಟುವಂತಿಲ್ಲ. ಸಂಜೆ ಮೂರು ನಕ್ಷತ್ರ ಕಂಡ ಮೇಲೆ ವ್ರತ ಮುಗಿಯುತ್ತದೆ. ಆಗ ಮೇಜಿನ ಮುಂದೆ ಕುಳಿತು, ಕಣ್ಣು ಮುಚ್ಚಿ ಒಂದು ರಾಗ ಹಾಡುವುದು ಅವರ ಜೀವಮಾನದ ಅಭ್ಯಾಸ. ಈ ಮಳೆಗಾಲದಿಂದ ಅದನ್ನು ನಿಲ್ಲಿಸಿದ್ದಾರೆ.

"ಸೀಕಾ?" ಎಂದೆ.

"ಸೀಕು ಎಂತದ್ದೂ ಇಲ್ಲ. ಒಬ್ಬನೇ ಹಾಡಿ ಎಂತ ಪ್ರಯೋಜನ ಅಂತ ಹೇಳ್ತಾರೆ. ಅಷ್ಟೇ. ಶನಿವಾರ ವ್ರತ ಮುಗಿದ ಮೇಲೆ ಟಿವಿ ನೋಡ್ತಾ ಕೂತುಕೊಳ್ತಾರೆ. ತುಂಬಾ ಜನ ಅದನ್ನು ಹಾಡುದು ಕೇಳಿದರೆ ಪುನಃ ಹಾಡಬಹುದು ಅಂತ ನನಗೆ ಆಸೆ ಅಕ್ಕ. ರೆಕಾರ್ಡ್ ಮಾಡುವಾಗಲೇ ಫೋನಿನಲ್ಲೂ ಕೇಳಿಸುದು. ಬೇರೆ ದಾರಿ ಕಾಣುದಿಲ್ಲ."

ಆ ಕೊನೆಯ ಮಾತಿಗೆ ನಾನು ಸೋತೆ. ಹಾಡುವವರು ಹಾಡು ಬಿಟ್ಟರೆ ಹೇಗಿರುತ್ತಾರೆ ಎಂದು ನನಗೆ ಗೊತ್ತು. ಗಂಟಲು ಕೆಟ್ಟು ನಾನು ಒಂದು ತಿಂಗಳು ಹಾಡದೆ ಇದ್ದಾಗ ನಮ್ಮೆಜಮಾನರು ಉದಯಶಂಕರರು ಊಟಕ್ಕೂ ನನ್ನ ಹತ್ತಿರ ಬರುತ್ತಿರಲಿಲ್ಲ.

ಭಜನಾ ಮಂದಿರದಲ್ಲಿ ಅಭ್ಯಾಸ ಶುರುವಾಯಿತು. ಮೊದಲ ದಿನವೇ ತಕರಾರು. ಹಾಡಿಗೆ ಸಾಹಿತ್ಯವೇ ಇಲ್ಲ! ಬರೀ ಲಲಲ, ನನನ. ಇಪ್ಪತ್ತು ವರ್ಷದಿಂದ ಮಂಡಳಿ ನಡೆಸುತ್ತಿರುವ ನನಗೆ ಸಾಹಿತ್ಯ ತಪ್ಪಿದರೆ ಮೈ ಉರಿಯುತ್ತದೆ. ಇಲ್ಲಿ ತಪ್ಪಲಿಕ್ಕೂ ಸಾಹಿತ್ಯ ಇರಲಿಲ್ಲ.

"ದೇವರ ಹೆಸರೇ ಇಲ್ಲದ ಭಜನೆ ಎಂತದ್ದು ಮಾರಾಯ್ತಿ?" ಎಂದೆ.

"ಯಾವ ಹೆಸರು ಹಿಡಿದು ಕರೆದರೂ ಕಡಿಮೆಯೇ ಅಂತ ಅಪ್ಪ ಹೇಳುದು. ಅದಕ್ಕೆ ಹೆಸರು ಹೇಳದೆಯೇ ಹಾಡುದು."

ಅಪ್ಪಿಯಕ್ಕ ಎಲೆ ಅಡಿಕೆ ಬದಿಗೊತ್ತಿ ಬಾಯಿ ಹಾಕಿದರು. ನಮ್ಮಲ್ಲಿ ಎಲ್ಲರಿಗಿಂತ ಹಿರಿಯರು ಅವರು. "ನಾವು ಗದ್ದೆಯಲ್ಲಿ ಭತ್ತದ ನೇಜಿ ನೆಡುವಾಗ ಇಡೀ ದಿನ 'ಓ ಬೇಲೆ' ಅಂತ ಹೇಳಿದ್ದೇವೆ. ಅದಕ್ಕೆ ಅರ್ಥ ಉಂಟಾ ಅಂತ ಯಾರಾದರೂ ಕೇಳಿದ್ದಾರಾ? ನೀನು ಶ್ರುತಿ ಹಿಡಿ ಈಶ್ವರಿ."

ಹಿಡಿದೆ. ರಾಗ ಚೆನ್ನಾಗಿತ್ತು, ಒಪ್ಪಬೇಕು. ನಾಲ್ಕೇ ಸಣ್ಣ ಸಾಲು. ಎರಡು ಸಲ ಕೇಳಿದರೆ ಬಾಯಿಗೆ ಬರುತ್ತದೆ, ಮೂರನೆಯ ಸಲ ಪಾತ್ರೆ ತೊಳೆಯುವಾಗಲೂ ಬಿಡುವುದಿಲ್ಲ. ಆದರೆ ಪ್ರತಿ ಸಾಲಿನ ನಂತರ ಇನ್ನೊಂದು ಸಾಲಿನಷ್ಟು ಹೊತ್ತು ಏನೂ ಇಲ್ಲ. ಶುಲಮಿತ್ ಒಂದು ಸಾಲು ಹಾಡಿ, ಬೆರಳಿನಿಂದ ನೆಲ ತಟ್ಟುತ್ತ ಸುಮ್ಮನೆ ಕುಳಿತುಬಿಡುತ್ತಿದ್ದಳು.

"ಇಲ್ಲಿ ಎಂತ ಮಾಡುದು?"

"ಎಂತ ಇಲ್ಲ. ಅಪ್ಪ ಹೀಗೆ ಮೇಜು ತಟ್ಟುತ್ತಾರೆ. ನಾನು ಸಣ್ಣದಿರುವಾಗಿನಿಂದ ಹೀಗೆಯೇ ಕೇಳಿದ್ದು."

ನಮ್ಮವರಿಗೆ ಅದು ಹೇಗೆ ಸಾಧ್ಯ? ಭಜನೆಯಲ್ಲಿ ಒಬ್ಬರು ಸಾಲು ಹೇಳಿಕೊಡುವುದು, ಉಳಿದವರು ಅದನ್ನೇ ತಿರುಗಿ ಹೇಳುವುದು. ಹುಟ್ಟಿದಾಗಿನಿಂದ ಬಂದ ಅಭ್ಯಾಸ. ಶುಲಮಿತ್ ಸಾಲು ಮುಗಿಸಿದ್ದೇ ತಡ, ಇಡೀ ಮಂಡಳಿ ಅದನ್ನೇ ಎತ್ತಿ ಹಾಡಿತು. ಅವಳ ಮುಖ ಸಣ್ಣದಾಯಿತು.

"ಅಲ್ಲಿ ಮೌನ, ಅಕ್ಕ. ಅಪ್ಪ ಹಾಡಿದ ಹಾಗೆಯೇ ಆಗಬೇಕು. ಇಲ್ಲದಿದ್ದರೆ ಅವರು ಇದು ನಮ್ಮದಲ್ಲ ಅಂತ ಫೋನ್ ಇಟ್ಟುಬಿಡ್ತಾರೆ."

ಅಂದಿನಿಂದ ಆ ಮೌನಕ್ಕೆ ನಾನು ಪೊಲೀಸ್. ಸಾಲು ಮುಗಿದೊಡನೆ ಕೈ ಮೇಲೆತ್ತುತ್ತಿದ್ದೆ. ತುಟಿ ಅಲ್ಲಾಡಿಸಿದವರಿಗೆ ಕಣ್ಣಿನಲ್ಲೇ ಬೆಂಕಿ. ಅಪ್ಪಿಯಕ್ಕ ಮೂರು ಸಲ ಜಾರಿದರು, ಮೂರು ಸಲವೂ ನನ್ನಿಂದ ಬೈಗುಳ ತಿಂದರು. ಕ್ಲಿನಿಕ್ಕಿನಲ್ಲಿ ಶುಲಮಿತ್‌ಗೆ ಸಹಾಯಕಿಯಾಗಿರುವ ಝೈನಬಳೂ ಹಾಡಲು ಬರುತ್ತಿದ್ದಳು. ಅವಳು ಸೆರಗನ್ನೇ ಬಾಯಿಗೆ ಒತ್ತಿಕೊಂಡಳು. "ಡಾಕ್ಟ್ರು ಬಾಯಿ ತೆರೀರಿ ಅಂತಾರೆ, ನೀವು ಮುಚ್ಚಿ ಅಂತೀರಿ, ನಾನು ಯಾರ ಮಾತು ಕೇಳುದು?" ಎಂದು ಅವಳ ಗೋಳು.

ರೆಕಾರ್ಡಿಂಗಿನ ಶನಿವಾರ ಬಂತು. ಲತೀಶ ಮಧ್ಯಾಹ್ನವೇ ಮೈಕು, ವಯರುಗಳ ಗಂಟು ಹೊತ್ತು ತಂದಿದ್ದ. ಊರಿನ ಯಕ್ಷಗಾನ, ಕೋಲ, ಮದುವೆ, ಎಲ್ಲಕ್ಕೂ ಮೈಕಿನವನು ಅವನೇ. ಫ್ಯಾನು ಬಂದ್ ಮಾಡಿಸಿದ, ಬಳೆ ತೆಗೆಸಿದ, ಪಕ್ಕದ ಮನೆಯ ಪಂಪನ್ನೂ ನಿಲ್ಲಿಸಿ ಬಂದ. ಆದರೆ ಕತ್ತಲಾಗುವವರೆಗೆ ಶುಲಮಿತ್ ರೆಕಾರ್ಡಿಂಗಿನ ಯಾವ ಗುಂಡಿ ಒತ್ತಲೂ ಬಿಡಲಿಲ್ಲ. ನಾವು ಗೋಳಿಬಜೆ ತಿನ್ನುತ್ತ ಅಂಗಳದಲ್ಲಿ ನಿಂತು ಆಕಾಶ ನೋಡಿದೆವು. ಮೊದಲು ಒಂದು ನಕ್ಷತ್ರ ಕಂಡಿತು. ಇನ್ನೊಂದೆಂದು ಅಪ್ಪಿಯಕ್ಕ ತೋರಿಸಿದ್ದು ಮಂಗಳೂರಿನ ವಿಮಾನ. ಕೊನೆಗೆ ಮೂರು ಆದವು, ಒಳಗೆ ಹೋಗಿ ಚಾಪೆಯ ಮೇಲೆ ಕುಳಿತೆವು.

ಶುಲಮಿತ್ ಠಾಣೆಗೆ ಫೋನ್ ಮಾಡಿ, ಅಣ್ಣನ ಹತ್ತಿರ ಮಾತಾಡಿ, ಫೋನನ್ನು ಮೈಕಿನ ಬಳಿ ನಿಲ್ಲಿಸಿದಳು. ಆ ಕಡೆ ಟಿವಿಯಲ್ಲಿ ಯಾರೋ ಕಿರುಚುತ್ತಿದ್ದರು. ಯಾರೋ ಅದನ್ನು ನಿಲ್ಲಿಸಿದರು. ಒಂದು ಕೆಮ್ಮು ಕೇಳಿಸಿತು.

"ಅಪ್ಪ ಅಲ್ಲಿ ಕೂತಿದ್ದಾರೆ," ಎಂದು ಶುಲಮಿತ್ ಪಿಸುಗುಟ್ಟಿದಳು. ಲತೀಶ ಹೆಬ್ಬೆರಳೆತ್ತಿದ.

ಮೊದಲ ಸುತ್ತು ಅವಳೊಬ್ಬಳೇ ಹಾಡುವುದು, ಎರಡನೆಯದರಿಂದ ಎಲ್ಲರೂ, ಹಾಗೆಂದು ಮಾತಾಗಿತ್ತು. ಅವಳು ಶುರು ಮಾಡಿದಳು. ಮೊದಲ ಸಾಲಿನ ಅರ್ಧಕ್ಕೇ ಗಂಟಲು ಒಡೆಯಿತು. ಹೇಗೋ ಮುಗಿಸಿದಳು, ಕಣ್ಣಲ್ಲಿ ನೀರು ತುಂಬಿ ನೆಲ ತಟ್ಟುವುದನ್ನೂ ಮರೆತಳು.

ಹೇಳಿಕೊಡುವವರ ಸ್ವರ ಬಿದ್ದಾಗ ಹಿಂದಿನವರು ಸುಮ್ಮನೆ ಕೂರುವುದಾ? ನಮ್ಮಲ್ಲಿ ಅದು ಆಗುವುದಿಲ್ಲ. ಮೇಲೆತ್ತಬೇಕಿದ್ದ ನನ್ನ ಕೈ ಮಡಿಲಲ್ಲೇ ಉಳಿಯಿತು. ಬಾಯಿ ತೆರೆದುಕೊಂಡಿತು. ಅವಳ ಸಾಲನ್ನು ನಾನು ಎತ್ತಿ ಹಾಡಿಬಿಟ್ಟೆ! ಪೊಲೀಸೇ ಕಳ್ಳಿಯಾದ ಮೇಲೆ ಉಳಿದವರಿಗೆ ಯಾರ ಭಯ? ಅಪ್ಪಿಯಕ್ಕ ಸೇರಿದರು, ಝೈನಬ ಸೆರಗು ಬಿಟ್ಟಳು, ಇಡೀ ಮಂಡಳಿ ಆ ಸಾಲನ್ನು ಹೊತ್ತು ಕೊನೆ ಮುಟ್ಟಿಸಿತು.

ಆಮೇಲೆ ಎಲ್ಲರೂ ನನ್ನನ್ನೇ ನೋಡಿದರು. ಶುಲಮಿತ್ ಬಿಳಿಚಿಕೊಂಡಿದ್ದಳು. ಫೋನಿನಿಂದ ಕುರ್ಚಿ ಎಳೆದ ಸದ್ದು ಬಂತು. ಎದ್ದು ಹೋದರು ಮುದುಕರು, ಎಲ್ಲ ನನ್ನಿಂದಲೇ ಹಾಳಾಯಿತು, ಎಂದು ನನಗೆ ಅಳು ಬರುವ ಹಾಗಾಯಿತು.

ಎದ್ದು ಹೋದದ್ದಲ್ಲ. ಕುರ್ಚಿಯನ್ನು ಫೋನಿನ ಹತ್ತಿರ ಎಳೆದುಕೊಂಡದ್ದು. ಮರಾಠಿಯಲ್ಲಿ ಏನೋ ಕೇಳಿದರು.

"ಯಾರದು, ಅಂತ ಕೇಳ್ತಾರೆ," ಶುಲಮಿತ್ ಹೇಳಿದಳು. ಅವರಿಗೆ ಉತ್ತರ ಕೊಟ್ಟಳು. ಅವರು ಮತ್ತೆ ಕೇಳಿದರು. ಅವಳು ಕೇಳಿಸಿಕೊಳ್ಳುತ್ತ, ತುಂಡು ತುಂಡಾಗಿ ನಮಗೆ ದಾಟಿಸಿದಳು.

"ಅಲ್ಲಿ ಹಾಡ್ಲಿಕ್ಕೆ ನಿಮಗೆ ಯಾರು ಹೇಳಿಕೊಟ್ಟರು, ಅಂತ... ಅದು ಖಾಲಿ ಜಾಗ ಅಲ್ಲವಂತೆ. ಅಪ್ಪನ ಅಣ್ಣಂದಿರು, ನೆರೆಕರೆಯವರು ಎಲ್ಲ ಮೇಜಿನ ಸುತ್ತ ಕೂತು ಅಪ್ಪನಿಗೆ ಅಲ್ಲಿ ಸಾಲು ತಿರುಗಿ ಕೊಡ್ತಿದ್ದರಂತೆ. ನಾನು ಹುಟ್ಟುವ ಮೊದಲೇ ಒಬ್ಬೊಬ್ಬರೇ ಇಸ್ರೇಲಿಗೆ ಹೋದರು. ಅವರದ್ದನ್ನು ತಾನು ಹಾಡ್ಲಿಕ್ಕೆ ಮನಸ್ಸು ಬರದೆ, ಅಷ್ಟು ಹೊತ್ತು ಅವರಿಗಾಗಿ ಬಿಟ್ಟು ಕೂತುಕೊಳ್ತಿದ್ದರಂತೆ." ಅವಳು ಮೂಗು ಒರೆಸಿಕೊಂಡಳು. "ನನಗೆ ಒಂದು ದಿನವೂ ಹೇಳಲಿಲ್ಲ, ಅಕ್ಕ."

ಅಷ್ಟರಲ್ಲಿ ಠಾಣೆಯಿಂದ ಮೇಜು ತಟ್ಟುವುದು ಕೇಳಿಸಿತು. ಹಿಂದೆಯೇ ಸ್ವರ. ದೊರಗು ಸ್ವರ, ತಿಂಗಳುಗಟ್ಟಲೆ ತೆರೆಯದ ಬಾಗಿಲಿನ ಹಾಗೆ ಮೊದಲು ಕಿರುಗುಟ್ಟಿ ಆಮೇಲೆ ತೆರೆದುಕೊಂಡಿತು. ಒಂದು ಸಾಲು ಹಾಡಿ ನಿಲ್ಲಿಸಿದರು.

ನಾವು ಕೊಟ್ಟೆವು. ಇಪ್ಪತ್ತು ಹೆಂಗಸರು, ಇದ್ದಷ್ಟು ಗಂಟಲಿನಲ್ಲಿ.

ಎರಡನೆಯ ಸಾಲು ಬಂತು, ಕೊಟ್ಟೆವು. ಮೂರನೆಯದಕ್ಕೆ ಅವರ ಸ್ವರ ಏರಿತು, ನಮ್ಮದೂ ಏರಿತು. ಅಪ್ಪಿಯಕ್ಕ ಕಣ್ಣು ಮುಚ್ಚಿ ತೂಗುತ್ತಿದ್ದರು. ಶುಲಮಿತ್ ನಮ್ಮ ನಡುವೆ ಬಂದು ಕುಳಿತು, ಅತ್ತುಕೊಂಡೇ, ನಮ್ಮ ಜೊತೆ ತಿರುಗಿ ಹಾಡುತ್ತಿದ್ದಳು. ನನಗೆ ಆದ ಸಂತೋಷ ಎಷ್ಟೆಂದು ಹೇಳಲಾರೆ, ನಗುವೂ ಅಳುವೂ ಒಟ್ಟಿಗೇ ಬಂದು ಹಾಡಿಗೆ ಅಡ್ಡ ನಿಂತವು.

ಐದನೆಯದೋ ಆರನೆಯದೋ ಸುತ್ತಿನಲ್ಲಿ ಅವರು ಥಟ್ಟನೆ ನಿಲ್ಲಿಸಿದರು. ಮೇಜಿಗೆ ಒಂದು ಗುದ್ದು. ಜೋರು ಮಾತು. ಶುಲಮಿತ್ ಕಣ್ಣೀರಿನಲ್ಲೇ ನಕ್ಕುಬಿಟ್ಟಳು.

"ಎಂತ ಹೇಳಿದ್ರು?"

"ಬಯ್ತಾರೆ! ಆ ಜೋರು ಸ್ವರದ ಹೆಂಗಸು ಪ್ರತಿ ಸಲ ತಡವಾಗಿ ಎತ್ತುತ್ತಾಳೆ, ತಾಳದ ಜ್ಞಾನ ಇಲ್ಲ ಅಂತ. ಬರುವ ಶನಿವಾರಕ್ಕೆ ಸರಿಯಾಗಿ ಕಲಿತು ಬನ್ನಿ, ನಾನು ಇಲ್ಲಿ ಕಾದು ಕೂತಿರ್ತೇನೆ ಅಂತ."

ಜೋರು ಸ್ವರದ ಹೆಂಗಸು ನಾನು. ನನ್ನ ತಾಳದ ಬಗ್ಗೆ ಮಾತಾಡಿ ಬದುಕಿದವರು ಈ ಸೀಮೆಯಲ್ಲಿ ಇಲ್ಲ.

ಲತೀಶ ಕಿವಿಯ ಹೆಡ್‌ಫೋನ್ ಕಿತ್ತು ಎದ್ದು ಬಂದ. "ಈಶ್ವರಿ ಅಕ್ಕ, ನಿಮ್ಮ ತಪ್ಪಲ್ಲ. ನೆಟ್‌ವರ್ಕ್ ತಡ ಆಗುದು. ನಿಮ್ಮ ಸ್ವರ ಅಲ್ಲಿಗೆ ಮುಟ್ಟುವಾಗ ಹೊತ್ತಾಗ್ತದೆ. ಇರಿ, ನಾನು ಅವರಿಗೆ ಹಿಂದಿಯಲ್ಲಿ ವಿವರಿಸ್ತೇನೆ."

"ನೀನು ಬಾಯಿ ಮುಚ್ಚಿ ಕೂತುಕೋ ಮಾರಾಯ," ಎಂದೆ. "ಅವರು ಬಯ್ಯಲಿ."