ಬ್ಯಾನರಿನ ಗಂಟು

೧
ಎಲ್ಲಿಂದ ಶುರು ಮಾಡಲಿ? ನಮ್ಮೂರ ಕಟ್ಟೆಯ ಕತೆಗಾರರು ಗಣಪತಿಗೆ ಕೈಮುಗಿದು ಮೊದಲು ರಾಜನನ್ನು ಕರೆತರುತ್ತಿದ್ದರು. ನನ್ನ ಬಳಿ ರಾಜನಿಲ್ಲ, ಫ್ರಾನ್ಸಿನ ಒಬ್ಬ ಗಣಿತಜ್ಞನಿದ್ದಾನೆ. ಎತಿಯೆನ್ ವರ್ಲಾಕ್. (ಹೆಸರು ನಾನೇ ಇಟ್ಟದ್ದು, ಗೂಗಲ್ ಮಾಡಬೇಡಿ.) ಯಾವ ಗಂಟು ಬಿಚ್ಚುತ್ತದೆ, ಯಾವುದು ಬಿಚ್ಚುವುದೇ ಇಲ್ಲ ಎಂದು ಲೆಕ್ಕದಲ್ಲಿ ಸಾಧಿಸುವುದು ಅವನ ಕಸುಬು. ಹರೆಯದಲ್ಲಿ ಒಂದು ಪ್ರಮೇಯ ಸಾಧಿಸಿ ಹೆಸರಾದ. ಈಗ ಅಮೆರಿಕದ ಆಸ್ಟಿನ್‌ನಲ್ಲಿ ಮುದಿ ಪ್ರೊಫೆಸರ್.

(ಅವನ ಬಾಲ್ಯವನ್ನೂ ಬರೆದಿದ್ದೆ. ಹರಿದೆ. ಮೇಧಾವಿಗಳ ಬಾಲ್ಯವೆಲ್ಲ ಒಂದೇ ಅಂಗಡಿಯ ಮಾಲು.)

೨
ಅವನ ವಿದ್ಯಾರ್ಥಿನಿ, ಧಾರವಾಡದ ನಿವೇದಿತಾ, ಆ ಪ್ರಮೇಯದಲ್ಲೇ ತೂತು ಕಂಡುಹಿಡಿದಳು. ಜನ ನಂಬಿದರೆ ಪಿಎಚ್‌ಡಿ, ನಂಬದಿದ್ದರೆ ಊರಿಗೆ ವಾಪಸ್ ವಿಮಾನ. “ತಪ್ಪು ನನ್ನದು, ಎಲ್ಲರೆದುರು ಹೇಳುತ್ತೇನೆ,” ಎಂದ ಮುದುಕ. ಡಲ್ಲಾಸ್, ಹ್ಯೂಸ್ಟನ್ನಿನ ಗಣಿತಜ್ಞರೆಲ್ಲ ಡಲ್ಲಾಸ್ ಪಕ್ಕದ ಲೂಯಿಸ್‌ವಿಲ್‌ನ ಹಾಲಿಗೆ ಬಂದರು. ಹಾಲ್ ಕನ್ನಡ ಸಂಘದ್ದು, ಊಟವೂ. ಅದಕ್ಕೆ ಒಂದೇ ಷರತ್ತು: ಮೊದಲು ಐದೇ ನಿಮಿಷ ಸನ್ಮಾನ.

ಐದು ನಿಮಿಷದ ಸನ್ಮಾನವನ್ನು ನೀವು ಕಂಡಿದ್ದೀರಾ? ನಾನೂ ಕಂಡಿಲ್ಲ.

೩
ಪೇಟ, ಶಾಲು, ಹಣ್ಣಿನ ಬುಟ್ಟಿ. ಅಧ್ಯಕ್ಷ ಗದಿಗೆಪ್ಪ ಮೈಕ್ ಹಿಡಿದರು: “ಇವ್ರು ಜೀವನದಾಗ ಒಂದೂ ಲೆಕ್ಕ ತಪ್ಪಿಲ್ರಿ!”

(“ನನ್ನ ಇಷ್ಟು ಮಂಗ್ಯಾ ಮಾಡಬ್ಯಾಡ್ರಿ,” ಎಂದು ಗದಿಗೆಪ್ಪ ಈಗ ನನ್ನ ಮೇಲೇ ರೇಗುತ್ತಿದ್ದಾರೆ. “ಊಟ ಹಾಕಿದ್ದು ಬರೀರಿ.” ಬರೆದೆನಲ್ಲ ಸ್ವಾಮಿ, ಅದನ್ನೇ ಮೊದಲು ಬರೆದೆ.)

ಕೊನೆಗೆ ಮುದುಕನ ಕೈಗೆ ಮೈಕ್ ಬಂತು. ಕಿವಿಗಿಳಿದ ಪೇಟ ಸರಿಮಾಡಿಕೊಂಡು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಹೇಳಿದ: “ನನ್ನ ಪ್ರಮೇಯ ತಪ್ಪು. ತೋರಿಸಿದವಳು ಈ ಹುಡುಗಿ.”

ಗದಿಗೆಪ್ಪ ಕಣ್ಣೊರೆಸಿಕೊಂಡರು. “ನೋಡ್ರಿ, ಎಂಥಾ ವಿನಯ! ಶಿಷ್ಯಳನ್ನ ಹೆಂಗ ಮ್ಯಾಲೆತ್ತತಾರ!”

ಚಪ್ಪಾಳೆ. ಹ್ಯೂಸ್ಟನ್ನಿನ ಗಣಿತಜ್ಞರೂ ನಗುತ್ತ ತಟ್ಟಿದರು.

ನಿವೇದಿತಾ ಎದ್ದು ನಿಂತಳು. “ಅಂಕಲ್, ಅವ್ರು ಖರೇನ ಹೇಳ್ಯಾರ್ರಿ!”

“ನಿನಗೂ ವಿನಯ ಅದ ತಂಗಿ. ಕೂಡು, ಜಿಲೇಬಿ ಬರ್ತದ.”

ದೇವರಿಗೆ ಹೂವೇರಿಸಿ ರೂಢಿಯಾದವರು ನಾವು. ಆತ ತಿರುಗಿ ಮಾತಾಡಲಾರ ಎಂಬ ಧೈರ್ಯ. (ತಂದೆ, ಕ್ಷಮಿಸು.) ಹೂವೇರಿಸಿಕೊಂಡ ಮನುಷ್ಯ ಬಾಯಿಬಿಟ್ಟರೂ ನಮಗೆ ಮಂತ್ರವೇ ಕೇಳಿಸುತ್ತದೆ.

೪
ಒಂದು ಮುಕ್ತಾಯ: ಎಲ್ಲರೂ ಜಿಲೇಬಿ ತಿಂದು ಹೋದರು.

ಇನ್ನೊಂದು: ಹ್ಯೂಸ್ಟನ್ನಿನ ಒಬ್ಬಾಕೆ ಎದ್ದು, “ಎಲ್ಲಿ, ಬೋರ್ಡಿನ ಮೇಲೆ ತೋರಿಸು,” ಎಂದಳು.

ಎರಡನ್ನೂ ಹರಿಯುವವನಿದ್ದೆ. “ಎರಡನೇದು ಇರ್ಲಿ ಬಿಡ್ರಿ,” ಎಂದಳು ನಿವೇದಿತಾ, ಮಾರ್ಕರ್ ಹಿಡಿದು ವೇದಿಕೆ ಹತ್ತುತ್ತ. ಬೋರ್ಡ್ ಇದ್ದದ್ದು ಸನ್ಮಾನದ ಬ್ಯಾನರಿನ ಹಿಂದೆ. ಬ್ಯಾನರಿಗೆ ಗದಿಗೆಪ್ಪನವರೇ ಕಟ್ಟಿದ ನೈಲಾನ್ ಹಗ್ಗ.

“ಏ ತಂಗಿ, ಗ್ರೂಪ್ ಫೋಟೋ ಇನ್ನೂ ಆಗಿಲ್ಲ!”

ಅವಳ ಉಗುರು ಗಂಟಿನೊಳಗಿದೆ. ಜಗತ್ತಿನ ಗಂಟುಗಳನ್ನೆಲ್ಲ ಬಲ್ಲ ಮುದುಕ ಪೇಟ ತೆಗೆದಿಟ್ಟು ಪಕ್ಕಕ್ಕೆ ಬಂದು ನಿಂತು, ಬಗ್ಗಿ ನೋಡುತ್ತಿದ್ದಾನೆ. ಬಿಚ್ಚಿತೇ ಎಂದು ನನ್ನನ್ನು ಕೇಳಬೇಡಿ. ನೀವೂ ಚಪ್ಪಾಳೆ ತಟ್ಟಿದವರೇ.