ಮಾವನ ಕುರ್ಚಿಯ ಎಡತೋಳು

ರಾಯದುರ್ಗದಲ್ಲಿ ಹೊಸ ಜೀನ್ಸ್ ಪ್ಯಾಂಟನ್ನು ಉಜ್ಜಿ ಹಳೆಯದು ಮಾಡುವವರು ಸಾವಿರ ಜನ ಇದ್ದಾರೆ. ಆದರೆ ನನ್ನಂಥ ಕೈ ಬಳ್ಳಾರಿಯಿಂದ ಬೆಂಗಳೂರಿನವರೆಗೆ ಹುಡುಕಿದರೂ ಸಿಗದು. ಉಪ್ಪುಕಾಗದ ಹಿಡಿದು ತೊಡೆಯ ಮೇಲೆ ಒಮ್ಮೆ ಎಳೆದೆನೋ, ನಿನ್ನೆ ಹೊಲಿದ ಪ್ಯಾಂಟು ಜನ್ಮವೆಲ್ಲ ಲಾರಿ ಓಡಿಸಿ ಬಂದಂತೆ ಬೆಳ್ಳಗಾಗುತ್ತದೆ. ಒಂದು ಪ್ಯಾಂಟಿಗಂತೂ ಎಷ್ಟು ವಯಸ್ಸು ಏರಿಸಿದೆನೆಂದರೆ, ಅದು ಕೆಮ್ಮಿತು.

ಇಂಥ ನನ್ನನ್ನು ಬಿಟ್ಟು ಅತ್ತೆ ಪಾಪಕ್ಕ, ತೀರಿಹೋದ ಮಾವನ ತೇಗದ ಕುರ್ಚಿಯನ್ನು ರಿಪೇರಿಗೆಂದು ಕಿರಿಯ ಅಳಿಯ ಶಿವಶಂಕರನ ಕೈಗೆ ಕೊಟ್ಟಿದ್ದರು. ಅವನು ಬೆಳುಗುಪ್ಪದ ಲೈನ್‌ಮನ್. ಅಲುಗಾಡುವ ಕಾಲು ಬಿಗಿದು, ಜಿಡ್ಡು ಕೆರೆದು, ಕೆಂಪು ಪಾಲಿಷ್ ಬಳಿದಿದ್ದ. ಯುಗಾದಿಗೆಂದು ಗುಡಿಬಂಡೆ ಹತ್ತಿರದ ಅತ್ತೆ ಮನೆಗೆ ಹೋದಾಗ ಕುರ್ಚಿ ಪಡಸಾಲೆಯಲ್ಲಿ ಮದುಮಗನ ಹಾಗೆ ಮಿಂಚುತ್ತಿತ್ತು.

"ಮುಖ ಕಾಣ್ತದೆ ನೋಡು ಇದ್ರಾಗೆ! ನಾಳೆ ಹೋಳಿಗೆ ಊಟಕ್ಕೆ ಶಿವಶಂಕರಪ್ಪನ್ನೇ ಕೂರಿಸ್ತೀನಿ" ಎಂದರು ಅತ್ತೆ.

ಹಿರಿಯ ಅಳಿಯ ನಾನು! ಮಾವ ಸತ್ತ ಮೇಲೆ ಆ ಕುರ್ಚಿಯಲ್ಲಿ ಯಾರೂ ಕೂತಿರಲಿಲ್ಲ. ಮೊದಲು ಕೂತವನೇ ಆ ಮನೆಯ ದೊಡ್ಡವನು. ನನ್ನ ಹೊಟ್ಟೆಯಲ್ಲಿ ಎದ್ದ ಉರಿಗೆ ಮಡಕಶಿರಾ ಸೀಮೆಯ ಶೇಂಗಾವನ್ನೆಲ್ಲ ಒಂದೇ ಸಲಕ್ಕೆ ಹುರಿಯಬಹುದಿತ್ತು.

ಹಬ್ಬದ ಬೆಳಿಗ್ಗೆ ಕುರ್ಚಿಯನ್ನು ಬೇವಿನ ಮರದಡಿ ಎಳೆದು, ಅದರ ಪಕ್ಕ ನೆಲದ ಮೇಲೆ ಕೂತೆ. ಬೇರೆಯವರ ಜೇಬಿನಲ್ಲಿ ಬಾಚಣಿಗೆ ಇದ್ದರೆ ನನ್ನ ಜೇಬಿನಲ್ಲಿ ಉಪ್ಪುಕಾಗದ. ತೆಗೆದು ಎಡತೋಳನ್ನು ಉಜ್ಜತೊಡಗಿದೆ.

ತಲೆಗೆ ಎಣ್ಣೆ ಹಚ್ಚಿಕೊಂಡಿದ್ದ ಶಿವಶಂಕರ ಓಡಿಬಂದ. "ಯಾಕ್ರಿ ಅಣ್ಣಾ, ಏನ್ ಮಾಡಾಕತ್ತೀರಿ? ಪಾಲಿಷೆಲ್ಲ ಹೋತಲ್ರಿ!"

"ಹೊಳಪು ಯಾವನಾದ್ರೂ ಕೊಡ್ತಾನೆ ಕಣೋ ತಮ್ಮ. ಮಾವ ಕೈ ಊರಿ ಸವೆಸಿದ್ದ ಗುರ್ತನ್ನೇ ನೀನು ಮುಚ್ಚಿಬಿಟ್ಟಿದ್ದೀಯ. ಅದನ್ನ ವಾಪಸ್ ತರೋನು ನಾನೊಬ್ಬನೇ."

ಎಡತೋಳು ಬೆಳ್ಳಗಾಯಿತು. ಅಷ್ಟಕ್ಕೇ ನಿಲ್ಲಿಸುವವನಲ್ಲ ನಾನು. ಪ್ಯಾಂಟಿನ ಒಂದು ಕಾಲು ಬೆಳ್ಳಗಾಗಿ ಇನ್ನೊಂದು ಹಾಗೇ ಉಳಿದರೆ ಮಾಲು ವಾಪಸ್ ಬರುತ್ತದೆ. ಬಲತೋಳನ್ನೂ ಸರಿಜೋಡಿಯಾಗಿ ಉಜ್ಜಿದೆ.

ಅತ್ತೆ ಬಂದರು. ಎಡತೋಳಿನ ಬಿಳುಪಿನ ಮೇಲೆ ಅಂಗೈ ಇಟ್ಟರು. "ಇಲ್ಲೇ ಕಣಪ್ಪ... ನಿಮ್ಮ ಮಾವ ಕೈ ಇಡ್ತಿದ್ದುದು ಇಲ್ಲೇ" ಎಂದರು.

ನಾನು ಎಷ್ಟು ಉಬ್ಬಿದೆನೆಂದರೆ ಬೇವಿನ ಕೊಂಬೆ ತಲೆಗೆ ತಾಗಿತು.

ಅಷ್ಟರಲ್ಲಿ ಅವರ ಕಣ್ಣು ಬಲತೋಳಿಗೆ ಬಿತ್ತು. "ಅಯ್ಯೋ, ಇದನ್ಯಾಕೆ ಸವೆಸ್ದೆ? ಅವರ ಬಲಗೈಯಾಗೆ ಯಾವಾಗ್ಲೂ ಬೀಡಿ. ಈ ಕಡೆ ಕೈ ಊರಿದ್ದೇ ಇಲ್ವಲ್ಲೋ! ಶಿವಶಂಕರಪ್ಪಾ, ಇದಕ್ಕೆ ಪಾಲಿಷ್ ಬಳಿ. ಆ ಕಡೇದು ಮಾತ್ರ ಮುಟ್ಟಬೇಡ."

ಶಿವಶಂಕರ ಬಟ್ಟೆ ಚೂರಿಗೆ ಪಾಲಿಷ್ ಅದ್ದುತ್ತ ಹಲ್ಲು ಕಿರಿದ. "ಅರ್ಧ ನಿಮ್ದು, ಅರ್ಧ ನಂದ್ರಿ ಅಣ್ಣಾ."

"ಮುಕ್ಕಾಲು ನಂದು" ಎಂದೆ.

ಊಟದ ಹೊತ್ತಿಗೆ ಇಬ್ಬರೂ ಕುರ್ಚಿಯ ಅಕ್ಕಪಕ್ಕ ನಿಂತೆವು, ಅತ್ತೆ ಯಾರನ್ನು ಕರೆಯುತ್ತಾರೋ ಎಂದು. ಅವರು ಯಾರನ್ನೂ ಕರೆಯಲಿಲ್ಲ. ಮಾವ ಇದ್ದಾಗ ಒಂದು ದಿನವೂ ಆ ಕುರ್ಚಿಯಲ್ಲಿ ಕೂರದವರು, ತಾವೇ ಹೋಗಿ ಕೂತರು. ಅಳಿಯಂದಿರಿಬ್ಬರಿಗೂ ಚಾಪೆ. ಬಲತೋಳಿನ ಪಾಲಿಷ್ ಇನ್ನೂ ಹಸಿ. ಆದರೆ ಅತ್ತೆಯ ಬಲಗೈಯಲ್ಲಿ ಹೋಳಿಗೆ ಇತ್ತು. ಎಡಗೈ ಎಡತೋಳಿನ ಬಿಳುಪನ್ನು ಮೆಲ್ಲಗೆ ಸವರುತ್ತಲೇ ಇತ್ತು.

ಶಿವಶಂಕರನ ಮೇಲಿದ್ದ ಉರಿ ಅಲ್ಲಿಗೆ ಆರಿತು. ಹೊಸದಾಗಿ ಹತ್ತಿಕೊಂಡದ್ದು ಮಾವನ ಮೇಲೆ. ಸತ್ತರೂ ಕುರ್ಚಿ ಬಿಟ್ಟುಕೊಡಲಿಲ್ಲ ಆ ಮನುಷ್ಯ.